ರೂಢಿ ಮಾಡಿಸುವ ಸೂಜಿ

ಅಕ್ಷತಾ,

ಹೋದ ವಾರ ನೀನು ಫೋನಿನಲ್ಲಿ ಅಳುತ್ತಿದ್ದೆ. ಸೀನು ನಿಲ್ಲುತ್ತಿಲ್ಲ, ಡಾಕ್ಟರು ಕೈ ಮೇಲೆ ಸಾಲಾಗಿ ಚುಚ್ಚಿ ನೋಡುತ್ತಾರಂತೆ, ಆಮೇಲೆ ವರ್ಷಗಟ್ಟಲೆ ಸೂಜಿಯಂತೆ, ನನಗೆ ಭಯ ಅಜ್ಜೀ ಎಂದೆ. ನಾನು "ಏನೂ ಆಗಂಗಿಲ್ಲ ಬಿಡವ್ವಾ" ಎಂದಷ್ಟೇ ಹೇಳಿ ಫೋನನ್ನು ನಿಮ್ಮಪ್ಪನ ಕೈಗೆ ಕೊಟ್ಟುಬಿಟ್ಟೆ. ನಿನಗೆ ಬೇಸರವಾಗಿರಬೇಕು. ನನ್ನ ಸ್ವಭಾವ ಗೊತ್ತಲ್ಲ, ಎದುರಿಗೆ ಮಾತು ಬರುವುದಿಲ್ಲ. ರಾರಾವಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದೆ. ಮೇಷ್ಟ್ರು ಕೇಳಿದ್ದಕ್ಕೆ ಬಾಯಿಬಿಟ್ಟು ಉತ್ತರ ಹೇಳಿದ್ದು ಕಡಿಮೆ, ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೆಯೇ ಮಾಡುತ್ತಿದ್ದೇನೆ. ನಿನ್ನ ತಮ್ಮ ವಿನಯನಿಗೂ ಓದಲು ಕೊಡು. ನೀನು ಬಳ್ಳಾರಿಯಲ್ಲಿ ಅಮ್ಮಮ್ಮನ ಮನೆಯಲ್ಲೇ ಇದ್ದು ಓದುತ್ತಿರುವುದರಿಂದ ಆಕೆಯೂ ಕೇಳಬಹುದು. ಕೊಡು. ಆಕೆಗೆ ಗೊತ್ತಿಲ್ಲದ್ದು ಇದರಲ್ಲಿ ಒಂದೇ ಇದೆ. ಅದು ಕೊನೆಯ ಹಾಳೆಯಲ್ಲಿದೆ, ಆ ಹಾಳೆ ತೆಗೆದಿಟ್ಟುಕೊಂಡು ಕೊಡು.

ನೀನು ಹುಟ್ಟುವ ಹೊತ್ತಿಗೆ ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಕುರುಗೋಡಿನ ನಮ್ಮ ಮನೆಯ ಮುಂದೆ ಅದಿರು ಲಾರಿಗಳು ಹಗಲಿಡೀ ಒಂದರ ಹಿಂದೆ ಒಂದು ಹೋಗುತ್ತಿದ್ದವು. ತೊಳೆದು ಹಾಕಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಕೆಂಪಗಾಗುತ್ತಿತ್ತು. ನಿಮ್ಮಪ್ಪ ಬಸವರಾಜ ಲಾರಿ ತೂಗುವ ಕಡೆ ಚೀಟಿ ಬರೆಯುವ ಕೆಲಸಕ್ಕೆ ಸೇರಿದ್ದ. ಅವನು ಮನೆಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಕೆಂಪು. ಆ ಕಾಲದಲ್ಲೇ ನನಗೆ ಕೆಮ್ಮು ಹಿಡಿಯಿತು. ಬೆಳಿಗ್ಗೆ ಎದ್ದೊಡನೆ ಸಾಲುಸಾಲು ಸೀನು, ಆಮೇಲೆ ಕೆಮ್ಮು, ಆಮೇಲೆ ಎದೆಯೊಳಗೆ ಬೆಕ್ಕಿನ ಮರಿ ಕೂಗಿದಂಥ ಸದ್ದು. ಎಲ್ಲರೂ ಒಂದೇ ಮಾತು ಹೇಳಿದರು: ಅದಿರಿನ ಧೂಳು. ನಾನೂ ನಂಬಿದೆ. ಕಿಟಕಿಗೆಲ್ಲ ಒದ್ದೆ ಬಟ್ಟೆ ಕಟ್ಟಿ ಕೂತೆ.

ಕೂತು ಕೌದಿ ಹೊಲಿದೆ. ನಮ್ಮ ಮನೆತನದಲ್ಲಿ ಹುಟ್ಟುವ ಕೂಸಿಗೆ ತಂದೆಯ ತಾಯಿ ತನ್ನ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಕೌದಿ ಹೊಲಿದು ಕೊಡಬೇಕು. ಹೊಸ ಬಟ್ಟೆ ಕೂಸಿನ ಮೈಗೆ ಚುಚ್ಚುತ್ತದೆ, ಉಟ್ಟು ಉಟ್ಟು ಮೆತ್ತಗಾದದ್ದೇ ಆಗಬೇಕು. ನನ್ನ ಹೊಲಿಗೆ ಅಕ್ಕಿ ಕಾಳು ಜೋಡಿಸಿಟ್ಟಂತೆ ಬೀಳುತ್ತದೆ ಎಂದು ನಮ್ಮ ಓಣಿಯಲ್ಲಿ ಹೆಸರಿತ್ತು. ಟ್ರಂಕು ತೆಗೆಯುವುದು, ಸೀರೆ ಕೊಡವುವುದು, ಸೀನುವುದು, ಮತ್ತೆ ಹೊಲಿಯುವುದು. ಹೀಗೆ ಮೂರು ತಿಂಗಳು.

ನಿಮ್ಮಮ್ಮ ಗೀತಾ ಹೆರಿಗೆಗೆ ಬಳ್ಳಾರಿಯ ತವರಿಗೆ ಹೋಗಿದ್ದಳು. ನೀನು ಹುಟ್ಟಿದ ಹನ್ನೊಂದನೇ ದಿನ ನಾನು ಕೌದಿ ಎದೆಗೆ ಅವಚಿಕೊಂಡು ಹೋದೆ. ಹೊಸಿಲ ಹತ್ತಿರ ಕೆಮ್ಮು ಬಂತು, ಬಾಗಿಲು ಹಿಡಿದು ನಿಲ್ಲಬೇಕಾಯಿತು. ಬೀಗತಿ ಪದ್ಮಮ್ಮ, ಅಂದರೆ ನಿನ್ನ ಅಮ್ಮಮ್ಮ, ನಿನ್ನನ್ನು ಭುಜಕ್ಕೆ ಹಾಕಿಕೊಂಡು ಒಳಗಿನಿಂದ ಬಂದಳು. ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ವದಿನಾ, ತಪ್ಪು ತಿಳ್ಕೋಬ್ಯಾಡ್ರಿ," ಎಂದಳು. ಅವರ ಕಡೆ ತೆಲುಗಿನ ನಂಟು, ಬೀಗತಿಯನ್ನು ವದಿನಾ ಎಂದೇ ಕರೆಯುತ್ತಾರೆ. "ಮೊದ್ಲು ಆ ಕೆಮ್ಮು ಏನಂತ ತೋರಿಸ್ಕೊಂಡ್ ಬರ್ರಿ. ಕೂಸಿನ್ದು ಇನ್ನಾ ಹಸಿ ಮೈ."

ಆಕೆ ಹೇಳಿದ್ದು ಸರಿ. ಸರಿಯಾಗಿದ್ದದ್ದಕ್ಕೇ ನನಗೆ ಹೆಚ್ಚು ಉರಿಯಿತು. ತಪ್ಪಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಕೌದಿಯನ್ನು ಹೊಸಿಲ ಮೇಲಿಟ್ಟು, ನಿನ್ನ ಪಾದ ಮಾತ್ರ ದೂರದಿಂದ ನೋಡಿ ಬಂದೆ.

ಹೊಟ್ಟೆಕಿಚ್ಚು ಅಂದಿನಿಂದ ಶುರು. ಆಕೆಯ ಮನೆಯ ಮುಂದಿನ ಕೋಣೆಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ನಾಲ್ಕು ಮಷೀನು. ನೀಲಿ ಎಳೆ, ನೀಲಿ ಪುಡಿ ಗಾಳಿಯಲ್ಲಿ ಹಾರಾಡುತ್ತಿರುತ್ತದೆ. ಅದರ ನಡುವೆ ಇಪ್ಪತ್ತು ವರ್ಷ ಕೂತ ಪದ್ಮಮ್ಮ ಒಂದು ದಿನವೂ ಸೀನಿದವಳಲ್ಲ. ಸೂಜಿ ದಾರ ಹಿಡಿದು ಮೂಲೆಯಲ್ಲಿ ಕೂತ ನನಗೆ ಉಸಿರಿಲ್ಲ. ಆಕೆಯ ದೊಡ್ಡ ದನಿ, ದೊಡ್ಡ ನಗು, ಮೆಟ್ಟಿಲು ಹತ್ತಿ ಬಂದರೂ ಏರದ ಉಸಿರು, ಎಲ್ಲದರ ಮೇಲೂ ನನಗೆ ಕಣ್ಣು. ನನ್ನ ಪಾಲಿನ ಗಾಳಿಯನ್ನೂ ಆಕೆಯೇ ಎಳೆದುಕೊಳ್ಳುತ್ತಿದ್ದಾಳೆ ಅನ್ನಿಸುತ್ತಿತ್ತು.

ಧೂಳಿಲ್ಲದ ಊರಲ್ಲಿ ಇದ್ದು ನೋಡಲಿ ಎಂದು ಬಸವರಾಜ ನನ್ನನ್ನು ಸಿರುಗುಪ್ಪಕ್ಕೆ, ನಮ್ಮಣ್ಣನ ಮನೆಗೆ ಬಿಟ್ಟುಬಂದ. ಸುತ್ತ ಭತ್ತದ ಗದ್ದೆ, ಒಂದೂ ಅದಿರು ಲಾರಿ ಇಲ್ಲ. ಅಲ್ಲಿನ ಆಸ್ಪತ್ರೆಯಲ್ಲಿ ಎರಡು ಸಲ ಕಫ ಕೊಟ್ಟು ಕೂತೆ. ಟಿ.ಬಿ. ಇರಬಹುದೆಂದು ಎಲ್ಲರಿಗೂ ಅನುಮಾನ, ಬಾಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಅತ್ತಿಗೆ ನನ್ನ ಲೋಟವನ್ನು ಬೇರೆ ಗೂಡಿನಲ್ಲಿ ಇಡುತ್ತಿದ್ದಳು. ಒಂದು ಮಧ್ಯಾಹ್ನ ಅಣ್ಣ ಹೊರಗಿನಿಂದ ಬಂದವನು ಸೀದಾ ಆ ಗೂಡಿಗೆ ಕೈ ಹಾಕಿ ನನ್ನ ಲೋಟದಲ್ಲೇ ನೀರು ಕುಡಿದ. "ನೀರ್ಡಿಕಿ ಆಗಿತ್ತವಾ, ಕೈಗೆ ಸಿಕ್ಕಿದ್ದು ತಗಂಡೆ," ಎಂದ. ಇನ್ನೂ ಫಲಿತಾಂಶ ಬಂದಿರಲಿಲ್ಲ. ಆ ಗುಟುಕನ್ನು ನಾನು ಮರೆತಿಲ್ಲ.

ಟಿ.ಬಿ. ಅಲ್ಲ ಎಂದು ಗೊತ್ತಾಯಿತು. ಆದರೆ ಕೆಮ್ಮು ಹೋಗಲಿಲ್ಲ. ಕೆಂಪು ಧೂಳಿಲ್ಲದ ಊರಲ್ಲೂ ಬೆಕ್ಕಿನ ಮರಿ ಕೂಗುತ್ತಲೇ ಇತ್ತು. ಯಾಕೆಂದು ಯಾರಿಗೂ ತಿಳಿಯಲಿಲ್ಲ, ನಾನು ಕುರುಗೋಡಿಗೆ ವಾಪಸು ಬಂದೆ. ಸಿರುಗುಪ್ಪಕ್ಕೆ ನಾನು ಎರಡು ಸೀರೆ, ಒಂದು ದಿಂಬು ಕಟ್ಟಿಕೊಂಡು ಹೋಗಿದ್ದೆ. ಆ ದಿಂಬಿನ ಮಾತು ಆಮೇಲೆ ಬರೆಯುತ್ತೇನೆ.

ಐದನೇ ತಿಂಗಳಿಗೆ ಬಾಣಂತಿ, ಕೂಸು ಗಂಡನ ಮನೆಗೆ ಬರಬೇಕು. ನೀನು ಬರಲಿಲ್ಲ. ಪದ್ಮಮ್ಮ ಫೋನಿನಲ್ಲಿ ಹೇಳಿದಳು: "ನೀವು ಹಿಂಗ ಏದುಸಿರು ಬಿಡ್ಕೊಂತ ಕುಂತಿರಿ. ಅದಾ ಧೂಳಿನ್ಯಾಗ ಕೂಸಿನ್ನ ಹ್ಯಾಂಗ ಕಳಿಸ್ಲಿ? ನೀವು ಆರಾಮಾಗ್ರಿ ವದಿನಾ, ನಾನಾ ಕರ್ಕೊಂಡ್ ಬಂದು ನಿಮ್ಮ ಮಡಿಲಾಗ ಹಾಕ್ತೀನಿ."

ಆರಾಮಾದರೆ ನೀನು ನನಗೆ, ಇಲ್ಲದಿದ್ದರೆ ಆಕೆಗೆ. ನನ್ನ ತಲೆಯಲ್ಲಿ ಲೆಕ್ಕ ಅಷ್ಟೇ ಇತ್ತು.

ಬಳ್ಳಾರಿಯಲ್ಲಿ ಉಸಿರಾಟದ ಡಾಕ್ಟರೊಬ್ಬರಿದ್ದರು. ಅವರ ಹತ್ತಿರ ಹೋಗುವಾಗ ನಾನು ರಸ್ತೆಯ ಕೆಂಪು ಧೂಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಸೆರಗಿನ ಗಂಟಿನಲ್ಲಿಟ್ಟುಕೊಂಡಿದ್ದೆ. ಕೈ ಮೇಲೆ ಸಾಲಾಗಿ ಹನಿ ಹಾಕಿ, ಹನಿಯ ಮೇಲೆ ಮುಳ್ಳು ಚುಚ್ಚಿದ ಹಾಗೆ ಚುಚ್ಚಿದರು. ಅಕ್ಷತಾ, ಅದು ನೋಯುವುದಿಲ್ಲ. ಇರುವೆ ಕಡಿತದಷ್ಟೂ ಇಲ್ಲ. ಆಮೇಲೆ ಕೆರೆದುಕೊಳ್ಳದೆ ಕೂರುವುದೇ ಕಷ್ಟ. ನಾನು ಗಂಟು ಬಿಚ್ಚಿ ಪೊಟ್ಟಣ ಮುಂದಿಟ್ಟೆ. ಮಾತಾಡದ ನಾನು ಅಂದು ಮಾತಾಡಿದೆ: "ಇದನ್ನೂ ಒಂದು ಹನಿ ಮಾಡಿ ಹಾಕ್ರಿ."

ಡಾಕ್ಟರು ಪೊಟ್ಟಣ ಬಿಚ್ಚಿ ನೋಡಿದರು, ನಗಲಿಲ್ಲ. "ಇದು ಎಲ್ಲರ ಶ್ವಾಸಕೋಶಕ್ಕೂ ಕೆಟ್ಟದ್ದೇ ಅಮ್ಮ. ಆದರೆ ನಿಮ್ಮ ಮೈಗೆ ಆಗದಿರೋದು ಬೇರೆ ಏನೋ ಇದೆ," ಎಂದರು. ಸ್ವಲ್ಪ ಹೊತ್ತಿನಲ್ಲಿ ಸಾಲಿನ ಒಂದು ಹನಿಯ ಜಾಗದಲ್ಲಿ ನಾಲ್ಕಾಣೆಯಗಲದ ದದ್ದು ಎದ್ದಿತು. ಹಳೆಯ ಹಾಸಿಗೆ, ಹಳೆಯ ಬಟ್ಟೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತವಂತೆ. ಅದರದ್ದು.

"ಹಾಸಿಗೆ, ದಿಂಬು ಎಷ್ಟು ಹಳೇದಮ್ಮ?"

"ಹೊಸಾವು ರೀ," ಎಂದೆ.

ಸುಳ್ಳು. ನನ್ನ ದಿಂಬಿನೊಳಗೆ ಹತ್ತಿ ಇರಲಿಲ್ಲ. ನಿಮ್ಮ ತಾತನ ಧೋತರ, ಅಂಗಿ ಇದ್ದವು. ಅವರು ಹೋದ ಮೇಲೆ ತೊಳೆಯದೆ, ಮಡಚಿ, ಗವಸಿನೊಳಗೆ ತುಂಬಿ ಬಾಯಿ ಹೊಲಿದುಬಿಟ್ಟಿದ್ದೆ. ಬೀಡಿಯ ವಾಸನೆ, ಬೆವರಿನ ವಾಸನೆ ಅದರಲ್ಲಿತ್ತು. ಐವತ್ತು ದಾಟಿದ ಹೆಂಗಸು ಇಂಥದ್ದನ್ನು ಪರಗಂಡಸಿನ ಮುಂದೆ, ಅವನು ಡಾಕ್ಟರೇ ಆಗಿರಲಿ, ಹೇಗೆ ಹೇಳುವುದು? ಬಸವರಾಜನಿಗೂ ಗೊತ್ತಿರಲಿಲ್ಲ.

ಡಾಕ್ಟರು ಚಿಕಿತ್ಸೆಗೆ ಉದ್ದನೆಯ ಇಂಗ್ಲಿಷ್ ಹೆಸರು ಹೇಳಿದರು. ನನ್ನ ಮುಖ ನೋಡಿ, ಸುಲಭ ಮಾಡಿದರು. "ನಿಮ್ಮ ಮೈ ಈ ಹುಳ ಕಂಡ್ರೆ ಕಳ್ಳ ಬಂದ ಅಂತ ಕೂಗುತ್ತೆ. ಅದನ್ನೇ ಎಳ್ಳಷ್ಟು ಎಳ್ಳಷ್ಟು ಕೊಡ್ತಾ ಹೋಗೋದು. ವಾರ ವಾರ ಸ್ವಲ್ಪ ಜಾಸ್ತಿ. ಇವನು ಕಳ್ಳ ಅಲ್ಲ, ದಿನಾ ಬರೋನು ಅಂತ ಮೈಗೆ ರೂಢಿ ಆಗುತ್ತೆ. ಹುಳ ಹೋಗಲ್ಲ. ಕೂಗಾಟ ಹೋಗುತ್ತೆ." ನಾನು ಅದಕ್ಕೆ ರೂಢಿ ಸೂಜಿ ಎಂದು ಹೆಸರಿಟ್ಟೆ.

ಪ್ರತಿ ವಾರ ಕುರುಗೋಡಿನಿಂದ ಬಸ್ಸು. ತೋಳಿಗೆ ಸೂಜಿ. ಆಮೇಲೆ ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತಿರಬೇಕು, ಏನಾದರೂ ಆದರೆ ಆ ಹೊತ್ತಿನಲ್ಲೇ ಆಗುತ್ತದೆ ಎಂದು. ನರ್ಸ್ ಶಮೀಮಾ ಕಟ್ಟುನಿಟ್ಟಿನವಳು. "ಅಮ್ಮಾ, ಅರ್ಧ ತಾಸು ಅಂದ್ರ ಅರ್ಧ ತಾಸು. ಗಡಿಯಾರ ನೋಡ್ರಿ, ನನ್ನ ಮುಖ ಅಲ್ಲ," ಎನ್ನುವಳು. ಸೂಜಿ ಹಾಕುವ ಮೊದಲು ಪ್ರತಿ ಸಲ ಕೇಳುವಳು: "ಇವತ್ತು ಎದಿ ಬಿಗಿ ಐತೇನು?" ಬಿಗಿ ಇದ್ದರೆ ಆ ವಾರ ಸೂಜಿ ಇಲ್ಲ.

ಅಲ್ಲಿಂದ ಸೀದಾ ಪದ್ಮಮ್ಮನ ಮನೆಗೆ. ಬಸ್ಸಿನ ಹೊತ್ತಿನವರೆಗೆ ನಿನ್ನನ್ನು ನೋಡುವುದು. ನೀನು ಆಕೆಯ ಮಡಿಲಲ್ಲಿ ಕೂತು ನನ್ನನ್ನು ಪರಕೀಯಳನ್ನು ನೋಡಿದಂತೆ ನೋಡುತ್ತಿದ್ದೆ. ನಾನು ಕೈ ಚಾಚಿದರೆ ಮುಖ ತಿರುಗಿಸಿ ಆಕೆಯ ಕುತ್ತಿಗೆಗೆ ಮುಖ ಹುದುಗಿಸುತ್ತಿದ್ದೆ. "ಹೊಸಬರು ಅಂದ್ರ ಹಂಗಾ ವದಿನಾ, ಸುಮ್ನಿರ್ರಿ," ಎಂದು ಆಕೆ ನಗುತ್ತಿದ್ದಳು. ನಾನು ಹೊಸಬಳು! ನಿನ್ನ ಬಾಯಿಂದ ಬಂದ ಮೊದಲ ಮಾತು ಅಮ್ಮಮ್ಮ. ಎರಡು ಅಮ್ಮ ಇರುವ ಹೆಸರು ಆಕೆಗೆ, ಅರ್ಧ ಕೆಮ್ಮಿನಂತೆ ಕೇಳುವ ಅಜ್ಜಿ ನನಗೆ. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತು ಹೋಗುತ್ತಿದ್ದೆ.

ನಿನ್ನ ಮೊದಲ ಹುಟ್ಟುಹಬ್ಬ ಹತ್ತಿರ ಬಂತು. ಪದ್ಮಮ್ಮ ನಿನಗೆ ಜೀನ್ಸ್ ಬಟ್ಟೆಯಲ್ಲಿ ಲಂಗ ಹೊಲಿಯುತ್ತಿದ್ದಾಳೆ, ಜೇಬಿಗೆ ಹೂವು ಹಾಕಿದ್ದಾಳೆ ಎಂದು ಗೀತಾ ಹೇಳಿದಳು. ನಾನು ಆ ಸಂಜೆಯೇ ಟ್ರಂಕು ತೆಗೆದೆ. ಯಾರಿಗೂ ಹೇಳದೆ ಇನ್ನೊಂದು ಕೌದಿ, ಮೊದಲಿನದಕ್ಕಿಂತ ದೊಡ್ಡದು, ಹೊಲಿಯಲು ಕೂತೆ. ವಾರ ಪೂರ್ತಿ ಹಳೆಯ ಸೀರೆಗಳ ಧೂಳಿನಲ್ಲಿ. ಎದೆಯಲ್ಲಿ ಬೆಕ್ಕಿನ ಮರಿ ಮತ್ತೆ ಎದ್ದಿತು.

ಸೂಜಿಯ ದಿನ ಶಮೀಮಾ ಕೇಳಿದಳು: "ಎದಿ ಬಿಗಿ ಐತೇನು?"

"ಇಲ್ಲವ್ವಾ."

ಒಂದು ವಾರ ತಪ್ಪಿದರೆ ನೀನು ಒಂದು ವಾರ ತಡವಾಗಿ ಬರುತ್ತೀಯಲ್ಲ.

ಸೂಜಿ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದೆ. ಗೀತಾಳ ಫೋನು ಬಂತು. "ಅತ್ತಿ, ಅಕ್ಷತಾ ಮಷೀನು ಹಿಡ್ಕೊಂಡು ನಿಂತಾಳ್ರಿ! ಕೈ ಬಿಟ್ಟು ಕಾಲು ಎತ್ತಾಕ ನೋಡ್ತಾಳ. ಇವತ್ತು ನಡೀತಾಳ ನೋಡ್ರಿ." ಹಿಂದಿನಿಂದ ಪದ್ಮಮ್ಮನ ದನಿ: "ಬಾ ಬಂಗಾರಾ, ಅಮ್ಮಮ್ಮನ ಕಡಿ ಬಾ!"

ಅಮ್ಮಮ್ಮನ ಕಡೆ. ಮೊದಲ ಹೆಜ್ಜೆಯೂ ಅತ್ತ ಕಡೆಗೇ. ಗಡಿಯಾರ ನೋಡಿದೆ, ಹತ್ತು ನಿಮಿಷವೂ ಆಗಿರಲಿಲ್ಲ. ಶಮೀಮಾ ಬೇರೆಯವರ ಕೈ ಹಿಡಿದು ಚುಚ್ಚುತ್ತಿದ್ದಳು. ನಾನು ಎದ್ದು ಹೊರಗೆ ಬಂದು ಆಟೋ ಹತ್ತಿದೆ.

ಅರ್ಧ ದಾರಿಯಲ್ಲಿ ಅಂಗೈ ತುರಿಸಿತು. ಆಮೇಲೆ ಪಾದ. ಆಮೇಲೆ ಗಂಟಲಿನೊಳಗೆ ಯಾರೋ ಸೆರಗು ತುರುಕಿದಂತೆ. ಪದ್ಮಮ್ಮನ ಮನೆಯ ಮುಂದೆ ಇಳಿಯಲು ಹೋದರೆ ಕಾಲಿಗೆ ನೆಲ ಸಿಗಲಿಲ್ಲ. ಬಾಗಿಲಲ್ಲಿ ನೀನು ಕಂಡೆ, ಮಷೀನಿನ ಕಾಲು ಹಿಡಿದು ನಿಂತಿದ್ದೆ. ಪದ್ಮಮ್ಮ ನಿನ್ನ ಮುಂದೆ ಮಂಡಿಯೂರಿ ಎರಡೂ ಕೈ ಚಾಚಿದ್ದಳು. ತಲೆ ಎತ್ತಿ ನನ್ನ ಮುಖ ನೋಡಿದಳು. ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು ಎದ್ದು ಓಡಿ ಬಂದಳು.

"ಅಯ್ಯೋ ದೇವುಡಾ! ಮುಖ ಹ್ಯಾಂಗ ಊದೈತಿ ನೋಡು! ಏಯ್ ಆಟೋ, ತಿರುಗ್ಸು, ತಿರುಗ್ಸಲೇ!" ನನ್ನನ್ನು ತಳ್ಳಿಕೊಂಡೇ ಆಟೋದೊಳಗೆ ಹತ್ತಿದಳು. ದಾರಿಯುದ್ದಕ್ಕೂ ಡ್ರೈವರಿಗೆ ತೆಲುಗಿನಲ್ಲಿ ಬೈಗುಳ, ನನಗೆ ಕನ್ನಡದಲ್ಲಿ. "ಉಸ್ರು ಬಿಡ್ರಿ. ಬಿಡ್ರಿ ಅಂತೀನಿ! ನನ್ನ ಕೈ ಹಿಂಡ್ರಿ. ಮುರಿದ್ರೂ ಮುರೀಲಿ." ನಾನು ಹಿಂಡಿದೆ. ಆಕೆಯ ಬಳೆ ಒಡೆದು ನನ್ನ ಅಂಗೈಗೆ ಚುಚ್ಚಿತು. ಸಾಯುತ್ತೇನೆ ಎಂದುಕೊಂಡೆ. ಕೂಸು ಆಕೆಯದೇ ಆಗಿಬಿಡುತ್ತದಲ್ಲ ಎಂದು ಅಂಥ ಹೊತ್ತಿನಲ್ಲೂ ಅನ್ನಿಸಿತು.

ಶಮೀಮಾ ತೊಡೆಗೆ ಸೂಜಿ ಚುಚ್ಚಿದಳು. ಮದ್ದಿನ ಹಬೆ ಬಿಡುವ ನೆಬುಲೈಸರ್ ಮೂತಿಗೆ ಹಿಡಿದರು. ಸ್ವಲ್ಪ ಹೊತ್ತಿಗೆ ಗಂಟಲಿನ ಸೆರಗು ಸಡಿಲಿತು. ಸಂಜೆಯವರೆಗೂ ಅಲ್ಲೇ ಮಲಗಿಸಿದರು. ಪದ್ಮಮ್ಮ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಆಗ ಗೀತಾಳ ಫೋನು. ನಾವು ಆಟೋದಲ್ಲಿ ಹೋದ ಮೇಲೆ ನೀನು ಮೂರು ಹೆಜ್ಜೆ ನಡೆದೆಯಂತೆ. ಪ್ಯಾಂಟಿಗೆ ಗುಂಡಿ ಹಚ್ಚುವ ಹುಸೇನಮ್ಮನ ಕಡೆಗೆ.

ನಾನು ಪದ್ಮಮ್ಮನ ಮುಖ ನೋಡಿದೆ. ಸೀರೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹುಸೇನಮ್ಮಗ ಏನ್ ಅದೃಷ್ಟ ಐತಿ ನೋಡ್ರಿ," ಎಂದಳು. ಆಮೇಲೆ, "ಯಾಕ್ ವದಿನಾ, ಅರ್ಧ ತಾಸು ಕುಂದ್ರಾಕ ಏನಾಗಿತ್ತು?"

ಸಾಯುವ ಹತ್ತಿರ ಹೋಗಿ ಬಂದದ್ದಕ್ಕೋ ಏನೋ, ನನ್ನ ಬಾಯಿ ತೆರೆಯಿತು. "ನಿಮ್ಮ ಮ್ಯಾಲ ನನಗ ಹೊಟ್ಟಿಕಿಚ್ಚು ರೀ," ಎಂದೆ. "ಕೂಸು ಹುಟ್ಟಿದಾಗಿನಿಂದ."

ಪದ್ಮಮ್ಮ ಕಣ್ಣೊರೆಸಿದ ಸೆರಗನ್ನು ಕೆಳಗೆ ಬಿಟ್ಟಳು. ಆಮೇಲೆ ಆ ವಾರ್ಡೆಲ್ಲ ತಿರುಗಿ ನೋಡುವಂತೆ ನಕ್ಕಳು. "ಡಾಕ್ಟರ್ ಸಾಹೇಬ್ರಾ! ಹೊಟ್ಟಿಕಿಚ್ಚಿಗೆ ಸೂಜಿ ಐತೇನ್ರಿ? ಇವರಿಗೆ ಒಂದು ಹಾಕ್ರಿ!"

ಡಾಕ್ಟರು ಬಂದು ಮತ್ತೆ ಹಾಸಿಗೆ, ದಿಂಬಿನ ಮಾತು ತೆಗೆದರು. ಅಂದು ಎಲ್ಲ ಹೇಳಿದೆ, ಗೋಡೆ ನೋಡಿಕೊಂಡು. ಟ್ರಂಕು, ಕೌದಿ, ದಿಂಬು, ದಿಂಬಿನೊಳಗಿನ ಧೋತರ. ಅವರು ಬೈಯಲಿಲ್ಲ. "ಬಿಸಾಡೋದು ಬೇಡಮ್ಮ. ಕುದಿಯೋ ನೀರಲ್ಲಿ ಹಾಕಿ, ಬಿಸಿಲಲ್ಲಿ ಒಣಗಿಸಿ ಇಟ್ಕೊಳ್ಳಿ. ತಲೆ ಕೆಳಗೆ ಮಾತ್ರ ಬೇಡ," ಎಂದರು. ಸೂಜಿ ಮತ್ತೆ ಬಹಳ ಹಿಂದಿನ ಅಳತೆಯಿಂದ ಶುರು ಮಾಡಬೇಕೆಂದರು. ಐದು ತಿಂಗಳು ಕೂಡಿಟ್ಟದ್ದು ಹೆಚ್ಚುಕಡಿಮೆ ಹೋಯಿತು.

ಮುಂದಿನ ಭಾನುವಾರ ಪದ್ಮಮ್ಮ ಕುರುಗೋಡಿಗೆ ಬಂದಳು. ಅಂಗಳದಲ್ಲಿ ಒಲೆ ಹೂಡಿ ದೊಡ್ಡ ಪಾತ್ರೆ ಇಟ್ಟು, ದಿಂಬಿನ ಹೊಲಿಗೆ ತಾನೇ ಬಿಚ್ಚಿ ಧೋತರಗಳನ್ನು ಕುದಿಯುವ ನೀರಿಗೆ ಹಾಕಿದಳು. ನಾನು ದೂರ ಕೂತು ನೋಡಿದೆ. ಮೂರು ವರ್ಷ ಕಾಪಾಡಿದ ವಾಸನೆ ಉಗಿಯಾಗಿ ಹೋಯಿತು. ಆ ಗಳಿಗೆಯಲ್ಲಿ ಆಕೆಯ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ಆಕೆಗೆ ಗಂಡನಿದ್ದ, ಬಳ್ಳಾರಿಯ ಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದ. ನನಗೆ ಉಳಿದದ್ದು ಬಿಸಿನೀರಿನ ವಾಸನೆ. ಒಣಗಿದ ಧೋತರಗಳನ್ನು ಆಕೆ ಚೀಲಕ್ಕೆ ತುಂಬಿಕೊಂಡು ಹೋದಳು, ಯಾಕೆಂದು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಂದಿನಿಂದ ಪ್ರತಿ ಸೂಜಿಗೂ ಆಕೆ ಬಂದು ಬೆಂಚಿನ ಮೇಲೆ ಕಾವಲು ಕೂತಳು, ನಿನ್ನನ್ನು ಎತ್ತಿಕೊಂಡು. ಅರ್ಧ ಗಂಟೆ ನೀನು ಆಕೆಯ ಮಡಿಲಲ್ಲಿ, ನಾನು ಪಕ್ಕದಲ್ಲಿ. ಎದ್ದು ಹೋಗುವಂತಿಲ್ಲ, ಕಿಟಕಿ ಕಡೆ ತಿರುಗುವಂತಿಲ್ಲ. ಮೊದಮೊದಲು ಸೂಜಿಗಿಂತ ಅದೇ ಹೆಚ್ಚು ಚುಚ್ಚುತ್ತಿತ್ತು. ವಾರಗಳು ಹೋದಂತೆ ನೀನು ಆಕೆಯ ಮಡಿಲಿನಿಂದ ನನ್ನ ಬಳೆ ಹಿಡಿದೆ. ಆಮೇಲೊಂದು ವಾರ ಕಾಲು ನನ್ನ ಮಡಿಲಲ್ಲಿ, ತಲೆ ಆಕೆಯ ಮಡಿಲಲ್ಲಿ ಇಟ್ಟು ನಿದ್ದೆ ಹೋದೆ. ಅರ್ಧ ಗಂಟೆ ಮುಗಿದರೂ ಇಬ್ಬರೂ ಏಳಲಿಲ್ಲ. ಶಮೀಮಾ ಬಂದು, "ಈಗ ಹೋಗ್ರಂದ್ರ ಹೋಗವಲ್ರಿ," ಎಂದು ನಕ್ಕಳು.

ನಿನಗೆ ಎರಡು ತುಂಬುವ ಮೊದಲು ಪದ್ಮಮ್ಮ ಮಾತಿನಂತೆ ನಿನ್ನನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಜೊತೆಗೆ ಒಂದು ಗಂಟು. ಒಳಗೆ ಕೌದಿ. ನಿಮ್ಮ ತಾತನ ಧೋತರಗಳನ್ನು ಪದರ ಮಾಡಿ, ಅಂಚಿಗೆ ಜೀನ್ಸ್ ಬಟ್ಟೆ ಕೊಟ್ಟು ಹೊಲಿದದ್ದು. "ಮಷೀನ್ಯಾಗ ಹೊಲಿದ್ರ ಕೌದಿ ಅಲ್ಲ ಅಂತೀರಂತ ಕೈಯಾಗ ಹೊಲಿದೆ," ಎಂದು ತೋರಿಸಿದಳು. ಹುಟ್ಟಿದಾಗಿನಿಂದ ಕೈಹೊಲಿಗೆ ಮಾಡಿರದ ಹೆಂಗಸು. ಒಂದು ಹೊಲಿಗೆ ಬೆರಳುದ್ದ, ಇನ್ನೊಂದು ಉಗುರಿನಷ್ಟು, ಸಾಲು ಕುಡಿದವನು ನಡೆದಂತೆ. ತಿಂಗಳಿಗೊಮ್ಮೆ ಕುದಿಯುವ ನೀರಿಗೆ ಹಾಕಿ ಒಣಗಿಸಿ ಈಗಲೂ ಅದನ್ನೇ ಹೊದೆಯುತ್ತೇನೆ. ಸೂಜಿ ನಿಂತು ವರ್ಷಗಳಾದವು, ಬೆಕ್ಕಿನ ಮರಿ ಚಳಿಗಾಲದಲ್ಲಿ ಮಾತ್ರ ಒಮ್ಮೊಮ್ಮೆ ಕೂಗುತ್ತದೆ.

ಇನ್ನೊಂದು ಹೋಗಿಲ್ಲ. ನೀನು ಓದಲು ಆಕೆಯ ಮನೆಗೇ ಹೋದಾಗ ನಾನು ನಗುನಗುತ್ತ ಕಳಿಸಿದೆ, ಆಮೇಲೆ ಒಳಗೆ ಹೋಗಿ ಪಾತ್ರೆ ಕುಕ್ಕಿದೆ. ಡಾಕ್ಟರು ಹೇಳಿದ್ದು ಸರಿಯೇ, ಹುಳ ಹೋಗುವುದಿಲ್ಲ. ಕೂಗಾಟ ಕಡಿಮೆಯಾಗಿದೆ.

ಇನ್ನು ಆಕೆಗೆ ಗೊತ್ತಿಲ್ಲದ್ದು. ಆ ಕೌದಿಯ ಸೊಟ್ಟ ಹೊಲಿಗೆ ನೋಡಿ ನೋಡಿ ಕೈ ತಡೆಯದೆ, ಒಂದು ಮೂಲೆಯಲ್ಲಿ ಅಂಗೈಯಗಲದಷ್ಟು ಬಿಚ್ಚಿ ನಾನೇ ಹೊಲಿದಿದ್ದೇನೆ. ಕಾಲ ಕಡೆಯ ಎಡ ಮೂಲೆ. ಉಳಿದದ್ದನ್ನು ಮುಟ್ಟಿಲ್ಲ. ಹೇಳಬೇಡ.

ನಿನ್ನ ಕೈ ಚುಚ್ಚುವ ದಿನ ನಾನು ಮೊದಲ ಬಸ್ಸಿಗೆ ಬರುತ್ತೇನೆ. ಎದೆ ಬಿಗಿ ಇದ್ದರೆ ಇದೆ ಅನ್ನು, ಏನನ್ನೂ ಮುಚ್ಚಿಡಬೇಡ. ಅರ್ಧ ಗಂಟೆ ಕೂರು ಎಂದರೆ ಕೂರು. ಅಮ್ಮಮ್ಮ ಹೇಗೂ ಅಲ್ಲೇ ಇರುವವಳು, ಮೊದಲೇ ಬಂದು ನಿನ್ನ ಪಕ್ಕ ಕೂತಿರುತ್ತಾಳೆ. ಕೂರಲಿ.

ಬಲಗಡೆ ಮಾತ್ರ ನಿನ್ನ ಚೀಲ ಇಟ್ಟು ನನಗೆ ಜಾಗ ಹಿಡಿದಿರು.